ಒಂದೇ ಮನೆತನದ ಹಸಿರು

ಮಾರ್ಚ್ ೩, ಸೋಮವಾರ

ಹಾಡಹಗಲೇ ಕಳ್ಳತನ. ಬಸ್ ಸ್ಟಾಪಿನ ಎದುರು ಗೋಡೆಗೆ ಹೊಸ ಜಾಹೀರಾತು ಅಂಟಿಸಿದ್ದಾರೆ. ಯಾವುದೋ ಬೇರೆ ಕಂಪನಿಯ ಟಾನಿಕ್. ಹೆಸರು ಅವರದು, ಹಸಿರು ನನ್ನದು!

ನಮ್ಮ ಆಫೀಸು ಒಪ್ಪಿಕೊಂಡ ಟಾನಿಕ್ಕಿನ ಲೇಬಲ್ಲಿಗೆ ಆ ಹಸಿರು ಹುಡುಕಲು ನಾನು ಒಂದಿಡೀ ಬೇಸಿಗೆ ತಲೆ ಕೆಡಿಸಿಕೊಂಡಿದ್ದೆ. ಎಲೆಯ ಹಸಿರು ಹಾಕಿದರೆ ಕಷಾಯದ ಹಾಗೆ ಕಹಿ ಕಾಣುತ್ತದೆ, ಗಿಳಿಯ ಹಸಿರು ಹಾಕಿದರೆ ಮಿಠಾಯಿ ಎನ್ನಿಸುತ್ತದೆ. ಎರಡೂ ಅಲ್ಲದ, ಹಳದಿಯ ಕಡೆಗೆ ತುಸು ಮುಖ ಮಾಡಿ ನಿಂತ ಹಸಿರು ಅದು. ಅದರ ಮೇಲೆ ಬಲಕ್ಕೆ ವಾಲಿದ ದುಂಡನೆಯ ಬಿಳಿ ಅಕ್ಷರಗಳು. ಕೊನೆಯ ಅಕ್ಷರದ ಬಾಲ ಹೆಸರಿನ ಅಡಿಯಲ್ಲಿ ಹಿಂದಕ್ಕೆ ಓಡಿ ಬಂದು ಗೆರೆಯಾಗುತ್ತದೆ. ಆ ಬಾಲವನ್ನೂ ಎತ್ತಿದ್ದಾರೆ ಅಯೋಗ್ಯರು. ಯಾರಿಗೂ ತಿಳಿಯದಿರಲಿ ಎಂದು ಚೂರು ಗಿಡ್ಡ ಮಾಡಿದ್ದಾರೆ, ಅಷ್ಟೆ.

ಆಫೀಸಿಗೆ ಹೋದವಳೇ ಯಜಮಾನರ ಕೋಣೆಯಲ್ಲಿ ಕೂಗಾಡಿದೆ. ಜಾಹೀರಾತು ಸಂಸ್ಥೆ ನಡೆಸುವವರಿಗೆ ಇದರಲ್ಲಿ ಸಿಟ್ಟು ಬರಬೇಡವೇ? ಅವರು ಕುರ್ಚಿಗೆ ಒರಗಿ ನಕ್ಕರು. "ಕದ್ದಿದ್ದಾರೆ ಅಂದ್ರೆ ನೀವು ಗೆದ್ದಿದ್ದೀರಿ ಅಂತ. ಹೋಗಿ ಕಾಫಿ ಕುಡೀರಿ," ಎಂದರು. ಗೆದ್ದವರಿಗೆ ಹೀಗೆ ಹೊಟ್ಟೆ ಉರಿಯುತ್ತದೆಯೇ?

ಮನೆಗೆ ಬಂದು ಹೇಳಿಕೊಂಡರೆ ಇಲ್ಲಿನದು ಇನ್ನೊಂದು ಕಥೆ. ಅತ್ತೆ ಮೂರು ದಶಕ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. ಬೋರ್ಡು, ಟಿಕೆಟ್ಟು, ಸಾಮಾನು ಕಟ್ಟಿ ತಂದ ಕಾಗದ, ಯಾವುದನ್ನೂ ಓದದೆ ಬಿಡುವುದಿಲ್ಲ, ತಪ್ಪು ಹುಡುಕದೆ ಬಿಡುವುದಂತೂ ಇಲ್ಲವೇ ಇಲ್ಲ. ಊಟವಾದ ಮೇಲೆ ಎರಡು ಚಮಚ ನನ್ನ ಟಾನಿಕ್ ಕುಡಿದು, ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು, "ನಿನ್ನ ಅಕ್ಷರ ಚೆನ್ನಾಗೇನೋ ಇದೆ ಕಣೇ. ಆದ್ರೆ ಎಲ್ಲಾ ಬೀಳೋ ಹಾಗಿವೆಯಲ್ಲ, ಯಾರಾದ್ರೂ ಎತ್ತಿ ನಿಲ್ಲಿಸಬಾರ್ದಾ?" ಎಂದರು. ನಮ್ಮವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಮ್ಮ ಮಗ ಇಬ್ಬರೂ ಸೇರಿದರೆ ನನ್ನ ಕೆಲಸ ಅವರಿಗೆ ತಮಾಷೆ.

ಮಾರ್ಚ್ ೧೪, ಶುಕ್ರವಾರ

ಇವತ್ತು ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

ನಮ್ಮ ಟಾನಿಕ್ ಕಂಪನಿಯಿಂದ ಟೈ ಬಂದಿದ್ದ. ಅಲ್ಲಿ ಅವನದು ದೊಡ್ಡ ಹುದ್ದೆ. ಎಂಥ ಸೆಕೆಯಲ್ಲೂ ಕತ್ತಿನ ಗಂಟು ಸಡಿಲಿಸದವನು, ಹಾಗಾಗಿ ನಾವು ಅವನ ಬೆನ್ನ ಹಿಂದೆ ಆ ಹೆಸರಿನಲ್ಲೇ ಕರೆಯುವುದು. ಕಂಪನಿ ಈಗ ನೆಲ ಒರೆಸುವ ದ್ರಾವಣ ತರುತ್ತಿದೆಯಂತೆ. ಅದಕ್ಕೂ ಇದೇ ಹಸಿರು, ಇದೇ ಅಕ್ಷರ, ಇದೇ ಬಾಲ. "ಒಂದೇ ಮನೆತನ ಅಂತ ಜನಕ್ಕೆ ಅನ್ನಿಸ್ಬೇಕು. ಟಾನಿಕ್ ಮೇಲೆ ಇರೋ ನಂಬಿಕೆ ಇದರ ಮೇಲೂ ಹರೀಬೇಕು," ಎಂದ. ಬಾಟಲಿಯ ಅಚ್ಚೂ ಅದೇ ಇರಲಿ, ಹೊಸದು ಮಾಡಿಸುವುದು ಯಾಕೆ ಎಂದೂ ಸೇರಿಸಿದ.

ನಾನು ಎದ್ದು ಮಾತಾಡಿದೆ. "ಗಿರಾಕಿಗೆ ಓದೋ ಕೆಲಸ ಕೊಡಲೇಬಾರದು ಸಾರ್. ಓದಿದ್ರೆ ಯೋಚಿಸ್ತಾನೆ, ಯೋಚಿಸಿದ್ರೆ ಕೈ ಹಿಂದಕ್ಕೆ ಹೋಗುತ್ತೆ. ಬಣ್ಣ ಕಂಡ ತಕ್ಷಣ ಕೈ ತಾನಾಗೇ ಮುಂದಕ್ಕೆ ಬರ್ಬೇಕು." ಮೇಜಿನ ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಟೈ ನನ್ನ ಮಾತನ್ನು ಬರೆದುಕೊಂಡ.

ಒಬ್ಬ ಹಿರಿಯ ಕಲಾವಿದರು ಮಾತ್ರ "ಒಂದು ಕುಡಿಯೋ ವಸ್ತು, ಒಂದು ನೆಲಕ್ಕೆ ಹಾಕೋದು..." ಎಂದು ರಾಗ ಎಳೆದರು. ಅವರ ಕೆಲಸ ಸೋತಾಗಲೆಲ್ಲ ಹೀಗೇ. ಹೊಟ್ಟೆಕಿಚ್ಚು.

ಏಪ್ರಿಲ್ ೧೯, ಶನಿವಾರ

ನೆಲದ ದ್ರಾವಣ ಅಂಗಡಿಗಳಿಗೆ ಬಂತು. ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಬಾಟಲಿ ಕೊಟ್ಟರು. ಮನೆಗೆ ತಂದು ಊಟದ ಕೋಣೆಯ ಕಪಾಟಿನ ಮೇಲೆ ಟಾನಿಕ್ ಪಕ್ಕದಲ್ಲೇ ನಿಲ್ಲಿಸಿ ದೂರ ನಿಂತು ನೋಡಿದೆ. ಅಮ್ಮ ಮಗಳು ಹೊಸ ಬಟ್ಟೆ ಹಾಕಿಕೊಂಡು ಫೋಟೋಗೆ ನಿಂತ ಹಾಗಿವೆ. ಎಷ್ಟು ನೋಡಿದರೂ ತೃಪ್ತಿಯಾಗಲಿಲ್ಲ. ನಮ್ಮವರನ್ನು ಕರೆದು ತೋರಿಸಿದರೆ, "ಯಾವುದು ಯಾವುದು?" ಎಂದು ಕೇಳಿದರು. ಅದಕ್ಕಿಂತ ದೊಡ್ಡ ಪ್ರಶಂಸೆ ಬೇಕೇ!

ಮುದುಕಿಗೆ ನೆಗಡಿ. ಎರಡು ದಿನದಿಂದ ಸೀನಿ ಸೀನಿ ಮನೆಯೆಲ್ಲ ಒಂದು ಮಾಡುತ್ತಿದ್ದಾರೆ.

ಏಪ್ರಿಲ್ ೨೩, ಬುಧವಾರ

ಆಸ್ಪತ್ರೆ. ಅತ್ತೆ ಆ ನೆಲದ ದ್ರಾವಣ ಕುಡಿದುಬಿಟ್ಟಿದ್ದಾರೆ. ಒಂದು ಚಮಚ. ಗಂಟಲು ಸುಟ್ಟಿದೆ. ಒಳಗೆ ಕರೆಯುತ್ತಿದ್ದಾರೆ, ಉಳಿದದ್ದು ನಾಳೆ.

ಏಪ್ರಿಲ್ ೨೪, ಗುರುವಾರ

ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಎರಡನೇ ಚಮಚ ಬಾಯಿಗೆ ಹೋಗುವ ಮೊದಲೇ ಉರಿ ಗೊತ್ತಾಗಿ ಚಮಚ ಎಸೆದರಂತೆ. ನೆಗಡಿಯಲ್ಲಿ ಮೂಗು ಕಟ್ಟಿತ್ತು, ವಾಸನೆ ಹತ್ತಲಿಲ್ಲ. ಒಂದಷ್ಟು ವಾರ ಮಾತಾಡುವಂತಿಲ್ಲ. ಧ್ವನಿ ಮೊದಲಿನಂತೆ ಬರುತ್ತದೋ ಇಲ್ಲವೋ ಈಗ ಹೇಳಲಾಗುವುದಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊರಿನ ಬೋರ್ಡುಗಳಲ್ಲೆಲ್ಲ ತಪ್ಪು ಹುಡುಕುವವರಿಗೆ ಕೈಯಲ್ಲಿರುವ ಬಾಟಲಿ ಓದಲು ಏನಾಗಿತ್ತು? 'ನೆಲಕ್ಕೆ ಮಾತ್ರ' ಎಂದು ಹಿಂಬದಿಯಲ್ಲಿ ಬರೆದೇ ಇದೆ. ನಾನೇ ಬರೆದದ್ದು. ಸಣ್ಣದಾಗಿ ಬರೆದಿರಬಹುದು, ಆದರೆ ಬರೆದಿದೆ.

"ಆ ಬಾಟ್ಲಿ ಕಪಾಟಿನ ಮೇಲೆ ಯಾಕಿತ್ತು? ಬಚ್ಚಲಲ್ಲಿ ಇಡೋ ವಸ್ತು ಅಲ್ಲಿಗೆ ಹೇಗೆ ಬಂತು?" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಮ್ಮವರನ್ನು ತರಾಟೆಗೆ ತೆಗೆದುಕೊಂಡೆ. ಅವರು ನನ್ನ ಮುಖವನ್ನೇ ನೋಡಿ, ಔಷಧಿ ಚೀಟಿ ಹಿಡಿದು ಮೆಟ್ಟಿಲಿಳಿದು ಹೋದರು.

ಏಪ್ರಿಲ್ ೨೮, ಸೋಮವಾರ

ಯಜಮಾನರು ಬಾಗಿಲು ಹಾಕಿಕೊಂಡು ಮಾತಾಡಿಸಿದರು. ಟೈ ಆಗಲೇ ಬಂದು ಕೂತಿದ್ದ. ಯಾರಿಂದಲೋ ಸುದ್ದಿ ಹೋಗಿದೆ.

"ಪಾಪ, ಓದು ಬರದ ಮುದುಕಿ. ಇಂಥವರಿಗೆ ಏನು ಮಾಡಕ್ಕಾಗುತ್ತೆ ಹೇಳಿ," ಎಂದ ಟೈ.

ನನ್ನ ಕಿವಿ ಕೆಂಪಾಯಿತು. "ಅವರು ಟೀಚರಾಗಿದ್ರು ಸಾರ್. ನಮ್ಮ ಏರಿಯಾದಲ್ಲಿ ಅರ್ಧ ಜನ ಓದೋಕೆ ಕಲಿತದ್ದೇ ಅವರ ಹತ್ರ."

"ಹೌದಾ? ಆದ್ರೂ ವಯಸ್ಸಾಯ್ತಲ್ಲ," ಎಂದ, ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲವೆಂಬಂತೆ. ಆಮೇಲೆ ನನಗೊಂದು ಕೆಲಸ ಹೇಳಿದ. 'ಬಳಸುವ ಮುನ್ನ ಓದಿ' ಎಂದು ಪೇಪರಿನ ಒಳಪುಟದಲ್ಲಿ ಒಂದು ಪುಟ್ಟ ಪ್ರಕಟಣೆ. ಹಸಿರು ಬೇಡ, ನಮ್ಮ ಅಕ್ಷರ ಬೇಡ, ಕಂಪನಿಯ ಹೆಸರು ಎದ್ದು ಕಾಣುವುದು ಬೇಡ.

ಮಾರಲು ಆ ಬಣ್ಣ ಬೇಕು, ಎಚ್ಚರಿಸಲು ಬೇಡ. ಮೈ ಉರಿದುಹೋಯಿತು. ಆದರೂ "ಆಯ್ತು ಸಾರ್" ಎಂದು ಎದ್ದು ಬಂದೆ. ಮುದುಕಿ ಅಂತೆ. ಅವನಿಗೆ ಅವರು ಯಾವ ಲೆಕ್ಕದಲ್ಲಿ ಮುದುಕಿ?

ಮೇ ೨, ಶುಕ್ರವಾರ

ಅತ್ತೆ ಮನೆಗೆ ಬಂದರು. ತಣ್ಣನೆಯ ಹಾಲು ಬಿಟ್ಟರೆ ಬೇರೇನೂ ಇಳಿಯುವುದಿಲ್ಲ. ಅದನ್ನೂ ಕಣ್ಣು ಮುಚ್ಚಿಕೊಂಡು, ಹೆದರಿ ಹೆದರಿ ನುಂಗುತ್ತಾರೆ. ಏನಾದರೂ ಬೇಕಾದರೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾರೆ. ಮಣಿ ಪೋಣಿಸಿದಂತೆ ನೆಟ್ಟಗೆ ನಿಂತ ಅಕ್ಷರಗಳು.

ನಾನು ಅವರ ಪಕ್ಕ ಕೂತು, ಕೇಳಬಾರದೆಂದುಕೊಂಡಿದ್ದನ್ನೇ ಕೇಳಿಬಿಟ್ಟೆ. "ಎಲ್ಲಾ ಓದ್ತೀರಲ್ಲ ಅತ್ತೆ, ಅದೊಂದನ್ನ ಯಾಕೆ ಓದ್ಲಿಲ್ಲ?" ಧ್ವನಿ ಜೋರಾಗಿಯೇ ಇತ್ತು.

ಅವರು ಕ್ಯಾಲೆಂಡರ್ ಹಾಳೆ ತಿರುಗಿಸಿ ಪೆನ್ಸಿಲ್ ಎತ್ತಿಕೊಂಡರು. ಆಮೇಲೆ ಬರೆದರು: 'ಹಸಿರು ಕಂಡಿತು. ಓದಿದ ಹಾಗೇ ಆಯಿತು.'

ನಾನು ಎದ್ದು ಹೋಗಿ ಒಗೆದ ಬಟ್ಟೆ ಮಡಚತೊಡಗಿದೆ. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದೆ.

ಟಾನಿಕ್ ಬಾಟಲಿಯನ್ನು ಕಸಕ್ಕೆ ಹಾಕಿದ್ದೇನೆ. ಅದರ ತಪ್ಪೇನೂ ಇರಲಿಲ್ಲ.

ಮೇ ೬, ಮಂಗಳವಾರ

ಆ ಪ್ರಕಟಣೆಯನ್ನು ಒಪ್ಪಿಸಲು ಟೈ ಕಂಪನಿಗೆ ಹೋಗಿದ್ದೆ. ಅಲ್ಲಿ ಗಿರಾಕಿಗಳ ಫೋನ್ ತೆಗೆಯುವ ಹೆಂಗಸು ನನಗೆ ಮುಖಪರಿಚಯ. ಕ್ಯಾಂಟೀನಿನ ಮೂಲೆಗೆ ಕರೆದು ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ನಿಮ್ಮತ್ತೆ ಹೇಗಿದ್ದಾರೆ?"

"ಬದುಕಿದ್ದಾರೆ."

ಅವಳು ಅತ್ತಿತ್ತ ನೋಡಿದಳು. "ನಿಮ್ಮದೇ ಮೊದಲನೇದಲ್ಲ ಅಕ್ಕ. ನಿಮಗಿಂತ ಮುಂಚೆ ಒಬ್ಬ ತಾಯಿ ಫೋನ್ ಮಾಡಿ ಅತ್ತಳು. ಮಗೂಗೆ ಚಮಚದಲ್ಲಿ ಹಾಕಿ ಬಾಯಿ ಹತ್ರ ತಂದಾಗ ಅದರ ಅಜ್ಜ ನೋಡಿ ಚಮಚ ತಟ್ಟಿ ಬೀಳಿಸಿಬಿಟ್ರಂತೆ. ಇನ್ನೊಬ್ಬರು ಕುಡಿದೇಬಿಟ್ಟಿದ್ರು. ನಾನು ಮೇಲಿನವರಿಗೆ ಹೇಳ್ದೆ. 'ಓದಿ ಬಳಸಿ ಅಂತ ಹೇಳಿ ಫೋನ್ ಇಟ್ಬಿಡು' ಅಂದ್ರು."

"ಮೇಲಿನವರು ಅಂದ್ರೆ ಯಾರು?"

ಅವಳು ಕೈಯನ್ನು ಕುತ್ತಿಗೆಯ ಬಳಿ ತಂದು ಟೈ ಬಿಗಿಯುವಂತೆ ಮಾಡಿದಳು.

ಹಾಗಾದರೆ ಮೊನ್ನೆ ನನ್ನೆದುರು ಪಾಪ ಪಾಪ ಎಂದಾಗ ಅವನಿಗೆ ಗೊತ್ತಿತ್ತು. ಮಗುವಿನ ವಿಷಯವೂ ಗೊತ್ತಿತ್ತು. ಗೊತ್ತಿದ್ದೂ ಅಂಗಡಿಗಳಲ್ಲಿ ಬಾಟಲಿ ಸಾಲು ಸಾಲಾಗಿ ನಿಂತಿದೆ. ಇಂದು ಬರುವಾಗ ದಾರಿಯ ಅಂಗಡಿಗಳಲ್ಲೆಲ್ಲ ಅವರ ಆ ಹಸಿರು ಕಣ್ಣಿಗೆ ರಾಚುತ್ತಿತ್ತು. ಏನು ಕೆಟ್ಟ ಬಣ್ಣವಪ್ಪಾ ಅದು.

ಮೇ ೧೨, ಸೋಮವಾರ

ಇವತ್ತು ಮಾನ ಕಳೆದುಕೊಂಡು ಬಂದೆ.

ವಾರದ ಸಭೆಯಲ್ಲಿ ನಾನು ಎರಡೂ ಬಾಟಲಿಗಳ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ ಟೈ ಮುಂದೆ ಇಟ್ಟೆ. ಎಂಥ ಏಟು ಕೊಡುತ್ತಿದ್ದೇನೆಂದು ಬೀಗಿದ್ದೆ. "ಇದರಲ್ಲಿ ಕುಡಿಯೋದು ಯಾವುದು ಸಾರ್?" ಎಂದೆ.

ಅವನು ಎರಡನ್ನೂ ಎತ್ತಿ ಅಲ್ಲಾಡಿಸಿದ. ಒಂದರಲ್ಲಿ ನೊರೆ ಎದ್ದಿತು. "ಇದು ನೆಲದ್ದು. ಕುಡಿಯುವ ಮುನ್ನ ಅಲ್ಲಾಡಿಸಿ ಅಂತ ಟಾನಿಕ್ ಮೇಲೆ ಬರೆದಿದ್ದೀರಿ ತಾನೆ? ನೀವೇ ಬರೆದದ್ದು," ಎಂದ. ಎಲ್ಲರೂ ನಕ್ಕರು. ಯಜಮಾನರು ಎಲ್ಲರಿಗಿಂತ ಜೋರಾಗಿ ನಕ್ಕರು. ಹಿರಿಯ ಕಲಾವಿದರೊಬ್ಬರೇ ನಗದೆ ತಲೆ ತಗ್ಗಿಸಿದರು.

ಬಾಟಲಿಗಳನ್ನು ಚೀಲಕ್ಕೆ ತುರುಕಿಕೊಂಡು ಕೂತೆ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಉತ್ತರ ಹೊಳೆಯಿತು. ಅಷ್ಟು ಖಾತ್ರಿ ಇದ್ದರೆ ಆ ಇನ್ನೊಂದರಿಂದ ಒಂದು ಚಮಚ ಬಾಯಿಗೆ ಹಾಕಿಕೊಳ್ಳಿ ನೋಡೋಣ ಎನ್ನಬೇಕಿತ್ತು. ಹೆಸರು ಮುಚ್ಚಿದ ಬಾಟಲಿಯಿಂದ ಅವನು ಒಂದು ತೊಟ್ಟೂ ಕುಡಿಯುತ್ತಿರಲಿಲ್ಲ. ಪಕ್ಕದ ಸೀಟಿನವರು ತಿರುಗಿ ನೋಡಿದರು. ನಾನು ಜೋರಾಗಿಯೇ ಹೇಳಿಬಿಟ್ಟಿದ್ದೆನೋ ಏನೋ.

ಸಭೆ ಮುಗಿಯುವಾಗ ಮುಂದಿನ ಕೆಲಸ ಹಂಚಿದರು. ಸೊಳ್ಳೆ ಕೊಲ್ಲುವ ದ್ರಾವಣ. ಅದೇ ಮನೆತನ, ಅದೇ ಹಸಿರು. ಬರೆಯಬೇಕಾದವಳು ನಾನು.

ಮೇ ೧೩, ಮಂಗಳವಾರ

ಬರೆಯುವುದಿಲ್ಲ ಎಂದು ಹೇಳಿ ಬಂದೆ. ನಾಳೆಯಿಂದ ಬರಬೇಡಿ ಎಂದರು.

ಮೇ ೧೪, ಬುಧವಾರ

ನಮ್ಮವರು ಬೆಳಿಗ್ಗೆಯಿಂದ ಮನೆಯೊಳಗೇ ಸುತ್ತುತ್ತಿದ್ದರು. ಕೊನೆಗೆ, "ಸ್ವಲ್ಪ ತಾಳ್ಮೆ ತಗೋಬೇಕಿತ್ತು ಕಣೇ. ಹೇಗೂ ಅಮ್ಮ ಹುಷಾರಾಗ್ತಿದ್ದಾರೆ," ಎಂದರು.

"ಅವರು ಹುಷಾರಾದ್ರೆ ಮುಗೀತಾ? ಆ ಮಗೂ ಅಜ್ಜ ಪಕ್ಕದಲ್ಲಿ ಇಲ್ದಿದ್ರೆ?"

ಅತ್ತೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕ್ಯಾಲೆಂಡರ್ ಹಾಳೆ ಎತ್ತಿ ಮಗನಿಗೆ ತೋರಿಸಿದರು. 'ಅವಳ ಜೊತೆ ವಾದ ಮಾಡಬೇಡ. ಕಾಫಿ ಮಾಡಿಕೊಡು.' ನಮ್ಮವರು ಒಳಗೆ ಹೋದರು. ಕಾಫಿ ಕೆಟ್ಟದಾಗಿತ್ತು. ಪೂರ್ತಿ ಕುಡಿದೆ.

ಮೇ ೨೦, ಮಂಗಳವಾರ

ಮೇಲಿನ ಮನೆಯಲ್ಲಿ ಒಬ್ಬ ವಕೀಲೆ ಇದ್ದಾರೆ. ಇಷ್ಟು ದಿನ ಬಟ್ಟೆಯ ನೀರು ನಮ್ಮ ಕಿಟಕಿಗೆ ತೊಟ್ಟಿಕ್ಕುತ್ತದೆಂದು ಅವರೊಡನೆ ಜಗಳವಾಡಿದ್ದೇ ಹೆಚ್ಚು. ಇವತ್ತು ಅವರ ಮನೆಯ ಸೋಫಾದಲ್ಲಿ ಅತ್ತೆಯನ್ನು ಪಕ್ಕ ಕೂರಿಸಿಕೊಂಡು ಎಲ್ಲ ಹೇಳಿದೆ. ಗ್ರಾಹಕರ ಕೋರ್ಟಿಗೆ ದೂರು ಕೊಡೋಣ ಎಂದರು.

"ಮೊದಲು ಒಂದು ವಿಷಯ. ಬಾಟ್ಲೀನ ಕಪಾಟಿನ ಮೇಲೆ ಇಟ್ಟವರು ಯಾರು? ಅವರ ಲಾಯರ್ ಇದನ್ನೇ ಹಿಡ್ಕೋತಾನೆ."

"ನಾನು," ಎಂದೆ.

ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ವಕೀಲೆ ಬರೆದುಕೊಂಡರು.

"ಲೇಬಲ್ ಮಾಡಿದವರು?"

"ಅದೂ ನಾನೇ. ಓದದೆ ಕೈ ಹಾಕಲಿ ಅಂತಲೇ ಮಾಡಿದ್ದು. ಸಭೆಯಲ್ಲಿ ಹಾಗೇ ಹೇಳಿದ್ದೀನಿ, ಚಪ್ಪಾಳೆ ತಟ್ಟಿದ್ದಾರೆ, ಕಂಪನಿಯವರು ಬರೆದುಕೊಂಡೂ ಇದ್ದಾರೆ."

ವಕೀಲೆ ಪೆನ್ನು ಕೆಳಗಿಟ್ಟರು. "ಇದನ್ನ ಕೋರ್ಟಲ್ಲಿ ಹೇಳ್ತೀರಾ? ಆಮೇಲೆ ಯಾವ ಜಾಹೀರಾತು ಆಫೀಸಿನವರೂ ನಿಮ್ಮನ್ನ ಒಳಗೆ ಬಿಟ್ಕೊಳ್ಳಲ್ಲ."

"ಹೇಳ್ತೀನಿ."

ಮೆಟ್ಟಿಲಿಳಿಯುವಾಗ ಅತ್ತೆ ನನ್ನ ತೋಳು ಹಿಡಿದುಕೊಂಡರು. ಮಂಡಿ ನೋವಿರಬೇಕು.

ಜೂನ್ ೯, ಸೋಮವಾರ

ಕೆಲಸ ಹುಡುಕಿ ಮೂರು ಕಡೆ ಹೋದೆ. ಎಲ್ಲ ಕಡೆಯೂ ನಗುನಗುತ್ತಾ ನೀರು ಕೊಟ್ಟು ಕಳಿಸಿದರು. ಟೈ ಎಲ್ಲರಿಗೂ ಫೋನ್ ಮಾಡಿದ್ದಾನೆ, ಸಂಶಯವೇ ಇಲ್ಲ. "ಸ್ವಂತ ಮನೆಯಲ್ಲಿ ಎಚ್ಚರಿಕೆ ತಪ್ಪಿ ಕಂಪನಿ ಮೇಲೆ ಗೂಬೆ ಕೂರಿಸ್ತಿದ್ದಾಳೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾನಂತೆ. ತಿರುಗಲಿ.

ಹಿರಿಯ ಕಲಾವಿದರು ಮನೆ ಹುಡುಕಿಕೊಂಡು ಬಂದಿದ್ದರು. ಬಾಗಿಲಲ್ಲೇ ನಿಂತು, "ಆವತ್ತು ಹೇಳಕ್ಕೆ ಹೊರಟೆ, ಪೂರ್ತಿ ಹೇಳ್ಲಿಲ್ಲ. ಕೋರ್ಟಿಗೆ ನಾನೂ ಬರ್ತೀನಿ," ಎಂದರು. ಒಳಗೆ ಕರೆದು ಕೂರಿಸಿದೆ. ಅತ್ತೆ ಅವರೊಡನೆ ಪಿಸುಮಾತಿನಲ್ಲಿ ಮಾತಾಡಿದರು! ಡಾಕ್ಟರು ಈಗ ದಿನಕ್ಕಿಷ್ಟು ಮಾತಾಡಬಹುದು ಎಂದು ಬಿಟ್ಟಿದ್ದಾರೆ. ಧ್ವನಿಯಲ್ಲ ಅದು, ತುಕ್ಕು ಹಿಡಿದ ಕೀಲು. ಇಡೀ ತರಗತಿಗೆ ಹಿಂದಿನ ಬೆಂಚಿನವರೆಗೂ ಕೇಳುತ್ತಿದ್ದ ಗಂಟಲು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಸಂಜೆ ರಸ್ತೆ ಕೊನೆಯ ಔಷಧಿ ಅಂಗಡಿಯವರು ತಮ್ಮ ಕಪಾಟುಗಳಿಗೆ ಚೀಟಿ ಬರೆದುಕೊಡಿ ಎಂದರು. ಹೊರಗೆ ಹಚ್ಚುವುದು, ಒಳಗೆ ಕುಡಿಯುವುದು, ಮಕ್ಕಳದು, ದೊಡ್ಡವರದು. ಸಣ್ಣ ಕೆಲಸ, ಒಪ್ಪಿಕೊಂಡೆ. ಮನೆಗೆ ಬಂದು ನೆಟ್ಟಗಿನ ಕಪ್ಪು ಅಕ್ಷರಗಳಲ್ಲಿ ಬರೆದೆ. ಅತ್ತೆ ಒಂದೊಂದನ್ನೂ ಕನ್ನಡಕ ಹಾಕಿ, ತೆಗೆದು, ಕೋಣೆಯ ಆ ಕೊನೆಗೆ ಹೋಗಿ ನಿಂತು ನೋಡಿದರು. ಎರಡನ್ನು ತಿರುಗಿ ಬರೆಸಿದರು. ಅವರು ಹೇಳಿದ್ದು ಸರಿಯಿತ್ತು, ದೂರದಿಂದ ಅಕ್ಷರಗಳು ಕೂಡಿಕೊಳ್ಳುತ್ತಿದ್ದವು.

ಜುಲೈ ೧೫, ಮಂಗಳವಾರ

ಕೋರ್ಟಿನಲ್ಲಿ ಇವತ್ತು ಮೊದಲ ವಿಚಾರಣೆ. ಅಲ್ಲಿಂದ ಬಂದು ಬರೆಯುತ್ತಿದ್ದೇನೆ. ಆದರೆ ಬರೆಯಬೇಕಾದದ್ದು ಬೆಳಗಿನದು.

ಪೇಪರಿನಲ್ಲಿ ಅರ್ಧ ಪುಟದ ಜಾಹೀರಾತು. ನೆಲದ ದ್ರಾವಣಕ್ಕೆ ಬಣ್ಣ ಬದಲಾಗಿದೆ. ಕಡು ಕಿತ್ತಳೆ, ಚೌಕ ಚೌಕ ಅಕ್ಷರ, ಬಾಟಲಿಗೂ ಬೇರೆ ಆಕಾರ. 'ಹೊಸ ನೋಟ! ಹೊಸ ಹೊಳಪು!' ಎಂದು ಬೊಬ್ಬೆ ಹೊಡೆದಿದ್ದಾರೆ. ಒಬ್ಬರ ಗಂಟಲು ಹೋಯಿತು ಎಂದು ಎಲ್ಲಾದರೂ ಇದೆಯೇ ಎಂದು ಕೆಳಗಿನ ಇರುವೆಯಂಥ ಸಾಲುಗಳನ್ನೆಲ್ಲ ಓದಿದೆ. ಒಂದಕ್ಷರ ಇಲ್ಲ. ದೂರು ಹೋದ ಮೇಲೆ ಬದಲಾಯಿಸಿ, ಗಿರಾಕಿಗೆ ಉಡುಗೊರೆ ಕೊಟ್ಟಂತೆ ಹಲ್ಲು ಕಿರಿಯುತ್ತಿದ್ದಾರಲ್ಲ, ಇವರಿಗೆ ನಾಚಿಕೆ ಎನ್ನುವುದು ಯಾವ ಅಂಗಡಿಯಲ್ಲೂ ಸಿಗಲಿಲ್ಲವೇ?

ಅಷ್ಟರಲ್ಲಿ ಕಂಪನಿಯ ಲಾಯರು ನಮ್ಮವರಿಗೆ ಫೋನ್ ಮಾಡಿದ. ಬಣ್ಣ ಬದಲಾಯಿತಲ್ಲ, ಆಸ್ಪತ್ರೆಯ ಖರ್ಚೂ ನಾವೇ ನೋಡಿಕೊಳ್ಳುತ್ತೇವೆ, ದೂರು ವಾಪಸ್ ತೆಗೆದುಕೊಳ್ಳಿ, ಹೊರಗೆ ಏನೂ ಹೇಳಬೇಡಿ ಎಂದನಂತೆ. ನಮ್ಮವರು ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಏನು ಹೇಳ್ಲಿ?" ಎಂದು ನಮ್ಮಿಬ್ಬರನ್ನೂ ನೋಡಿದರು.

ನಾನು ಅತ್ತೆಯನ್ನು ನೋಡಿದೆ. ಸುಟ್ಟಿದ್ದು ಅವರ ಗಂಟಲು, ಹೇಳಬೇಕಾದವರು ಅವರು. ಅವರು ಪೇಪರನ್ನು ಎಳೆದುಕೊಂಡು ಜಾಹೀರಾತನ್ನು ನೋಡಿದರು, ಮೇಜಿನ ಆಚೆ ತಳ್ಳಿ ದೂರದಿಂದಲೂ ನೋಡಿದರು.

"ಅಕ್ಷರ ಹೇಗಿದೆ?" ಎಂದು ಕೇಳಿದರು. ಪ್ರತಿ ಮಾತಿಗೂ ಅವರು ಉಸಿರು ಕೂಡಿಸಿಕೊಳ್ಳಬೇಕು.

"ಕೆಟ್ಟದಾಗಿದೆ ಅತ್ತೆ. ಒಂದರ ಮೇಲೊಂದು ತುರುಕಿದ್ದಾರೆ."

"ಟಾನಿಕ್ ಅಂದ್ಕೊಂಡು ಯಾರಾದ್ರೂ ಕುಡೀತಾರಾ?"

"ಇಲ್ಲ. ಇದನ್ನ ಯಾರೂ ಕುಡಿಯಲ್ಲ."

"ಅಷ್ಟು ಸಾಲ್ದಾ ನಿಂಗೆ?"

ಅವರು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೋ, ನಿಜವಾಗಿಯೂ ದಣಿದಿದ್ದಾರೋ ತಿಳಿಯಲಿಲ್ಲ. ಆ ಮಗುವಿನ ತಾಯಿ ಫೋನಿನಲ್ಲಿ ಅತ್ತಿದ್ದು, ಅವಳಿಗೆ 'ಓದಿ ಬಳಸಿ' ಎಂದು ಹೇಳಿಸಿದ್ದು ನೆನಪಾಯಿತು.

"ಸಾಲಲ್ಲ," ಎಂದೆ.

ಅತ್ತೆ ಮಗನ ಕೈಯಿಂದ ಫೋನ್ ತೆಗೆದುಕೊಂಡು, ಕಿವಿಗಲ್ಲ, ಬಾಯಿಯ ಹತ್ತಿರ ಹಿಡಿದರು. "ನಾನು ಮಾತಾಡ್ತಿರೋದು ಕೇಳಿಸ್ತಿದೆಯಾ?" ಎಂದರು. ಆ ಕಡೆಯವನು ಏನು ಹೇಳಿದನೋ. "ಸರಿಯಾಗಿ ಕೇಳಿಸ್ತಿಲ್ಲ ಅಲ್ವಾ? ಕೋರ್ಟಿಗೆ ಬನ್ನಿ, ಹತ್ತಿರದಿಂದ ಕೇಳಿಸ್ತೀನಿ."

ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಇನ್ನೂ ಕೂತಿದ್ದೀಯಲ್ಲ, ಚಪ್ಪಲಿ ಹಾಕ್ಕೋ ಮಗಳೇ. ತಡ ಆಗುತ್ತೆ."